ಕಾಯಿ ಕಟ್ಟಿದ ಮೇಲೆ ಕೊಯ್ದ ಸೊಪ್ಪು

ಸೆಪ್ಟೆಂಬರ್ 12

ದೂರ ಹೋದರೂ ನನ್ನ ತಲೆ ತಿನ್ನುವುದನ್ನು ಬಿಡದ ಮಗಳಿಗೆ,

ನಿನ್ನ ಫೋನು ಬಂದಿತ್ತು ಎಂದು ನಮ್ಮ ಸೊಪ್ಪಿನ ಶೆಡ್ಡಿನ ಗುಮಾಸ್ತ ಹೇಳಿದ. ನಾನು ತೆಗೆದುಕೊಳ್ಳಲಿಲ್ಲ. ಕತ್ತರಿಸುವ ಯಂತ್ರದ ಪಕ್ಕ ಎರಡು ವರ್ಷ ನಿಂತು ನನ್ನ ಕಿವಿ ಮಂದವಾಗಿದೆ. ಫೋನಿನಲ್ಲಿ ನೀನು ಏನು ಹೇಳಿದರೂ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತದೆ. ನಮಗೆ ಕಾಗದವೇ ಸರಿ. ಜಗಳ ಆಡುವುದಕ್ಕೂ ಕಾಗದವೇ ವಾಸಿ, ನಡುವೆ ಬಾಯಿ ಹಾಕುವವರು ಇರುವುದಿಲ್ಲ.

ಜುಲೈನಲ್ಲಿ ಕಳಿಸಿದ ಒಣ ಸೊಪ್ಪಿನ ಬಗ್ಗೆ ನಿನ್ನ ಕಂಪನಿಯವರು ಹೊಗಳಿ ಬರೆದಿದ್ದಾರೆ. ಲೋಳೆ ಅಮೋಘವಾಗಿದೆಯಂತೆ. ಇರದೆ ಏನು, ಪ್ರತಿ ಮೂಟೆಗೂ ನಾನೇ ಬೆರಳು ಹಾಕಿ ನೋಡಿದ್ದೇನೆ. ಒಂದು ಚಿಟಿಕೆ ಪುಡಿ, ಒಂದು ಚಮಚ ನೀರು, ನೂರು ಎಣಿಸಿ ಬೆರಳು ಎತ್ತಿದರೆ ಗೇಣುದ್ದ ಲೋಳೆಯ ದಾರ ಬರಬೇಕು. ನಡುವೆ ಹರಿದರೆ ಮೂಟೆ ವಾಪಸ್ಸು. ಶೆಡ್ಡಿನ ಹೆಂಗಸರು ನನಗೆ ಬೆರಳಮ್ಮ ಎಂದು ಸುಮ್ಮನೆ ಹೆಸರಿಟ್ಟಿಲ್ಲ. ಸೆಣಬಿನ ಸೊಪ್ಪು ತಿಂದು ಬೆಳೆದ ನೀನು, ಅದರಲ್ಲಿ ಏನಿದೆ ಎಂದು ತಿಳಿಯಲು ಐದು ವರ್ಷ ಓದಿದೆ. ನನ್ನನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಹೇಳುತ್ತಿದ್ದೆ.

ದೊಡ್ಡಕ್ಕನಿಗೆ ಮಾತ್ರ ಹುಷಾರಿಲ್ಲ. ಶೆಡ್ಡಿನ ಹಿರಿಯ ತಲೆ, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಈಗ ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ. ಊಟ ಕಂಡರೆ ವಾಕರಿಕೆ. ಮೊನ್ನೆ ದೀಪದ ಸುತ್ತ ಹಳದಿ ಬಳೆ ಕಾಣುತ್ತದೆ ಎಂದಳು. ಗೋಡೆಯೂ ಹಳದಿ, ನನ್ನ ಮುಖವೂ ಹಳದಿಯಂತೆ. "ಈ ವಯಸ್ಸಲ್ಲಾದ್ರೂ ನಾನು ಚಿನ್ನದ ಹಾಗೆ ಕಂಡ್ನಲ್ಲ" ಎಂದು ನಗಿಸಿದೆ. ಶಕ್ತಿ ಬರಲಿ ಎಂದು ನಿನ್ನ ಕಂಪನಿ ಶೆಡ್ಡಿಗೆ ಬಿಟ್ಟಿಯಾಗಿ ಕೊಟ್ಟ ಸೊಪ್ಪಿನ ಗುಳಿಗೆಗಳನ್ನು ನುಂಗುತ್ತಿದ್ದಾಳೆ. ದಿನಕ್ಕೆ ಎರಡು ಎಂದು ಡಬ್ಬಿಯ ಮೇಲೆ ಬರೆದಿದೆ. ಅವಳು ಆರು ನುಂಗುತ್ತಾಳೆ.

ಬರುವ ಮನಸ್ಸಾದರೆ ಬಾ. ಇಲ್ಲದಿದ್ದರೆ ಬಾರದ ಕಾರಣವನ್ನಾದರೂ ಈ ಸಲ ಹೊಸದಾಗಿ ಬರೆ.

ನಿನ್ನನ್ನು ಹೆತ್ತವಳು

*

ಸೆಪ್ಟೆಂಬರ್ 16

ಅಮ್ಮಾ,

ನೀನು ನಗುತ್ತಾ ಬರೆದದ್ದನ್ನು ನನಗೆ ನಗುತ್ತಾ ಓದಲಾಗಲಿಲ್ಲ. ಕಾಗದಕ್ಕೆ ಕಾಯಲಾರದೆ ಆಗಲೇ ಗುಮಾಸ್ತನಿಗೆ ಫೋನ್ ಮಾಡಿದ್ದೇನೆ. ದೊಡ್ಡಕ್ಕ ಗುಳಿಗೆ ನಿಲ್ಲಿಸಬೇಕು, ಅವಳನ್ನು ಈಗಲೇ ಆಸ್ಪತ್ರೆಗೆ ಸೇರಿಸಬೇಕು, ನಾಡಿ ನೋಡಿಸಬೇಕು ಎಂದು ಮೂರು ಸಲ ಅವನ ಬಾಯಲ್ಲಿ ಹೇಳಿಸಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವನು ಮಾಡಿರಬೇಕು.

ಏಕೆಂದು ಹೇಳುತ್ತೇನೆ, ಕೋಪ ಮಾಡಿಕೊಳ್ಳದೆ ಓದು. ಎಲೆಯಲ್ಲಿ ಇರುವುದೆಲ್ಲ ಒಳ್ಳೆಯದೇ. ಕ್ಲೋರೋಜೆನಿಕ್ ಆಮ್ಲ, ಕ್ವೆರ್ಸೆಟಿನ್, ನೀನು ಬೆರಳಲ್ಲಿ ಎಳೆಯುವ ಲೋಳೆ, ಇವುಗಳ ಮೇಲೆಯೇ ನಾನು ಐದು ವರ್ಷ ಕಳೆದದ್ದು. ಆದರೆ ಅದೇ ಗಿಡದ ಬೀಜದಲ್ಲಿ ಇನ್ನೊಂದು ಬಗೆಯ ಸಂಯುಕ್ತಗಳಿವೆ. ಅವು ನೇರ ಹೃದಯಕ್ಕೆ ಹೋಗಿ ಬಡಿತವನ್ನು ನಿಧಾನ ಮಾಡುತ್ತವೆ. ಅಂಥವು ಮೈಗೆ ಹೆಚ್ಚಾದವರಿಗೆ ವಾಕರಿಕೆ ಬರುತ್ತದೆ, ದೀಪದ ಸುತ್ತ ಹಳದಿ ಬಳೆ ಕಾಣುತ್ತದೆ. ನೀನು ಬರೆದ ಒಂದೊಂದು ಮಾತೂ ನನ್ನ ಪುಸ್ತಕದಲ್ಲಿದೆ.

ಉಳಿದ ಗುಳಿಗೆಗಳನ್ನು ಎಸೆಯಬೇಡ. ಡಬ್ಬಿಯ ಸಮೇತ ನನ್ನ ಮನೆಯ ವಿಳಾಸಕ್ಕೆ ಕಳಿಸು, ಕಂಪನಿಯ ವಿಳಾಸಕ್ಕೆ ಬೇಡ.

ನಿನ್ನ ಮಗಳು

*

ಸೆಪ್ಟೆಂಬರ್ 23

ವಿಜ್ಞಾನಿ ಮಗಳಿಗೆ,

ದೊಡ್ಡಕ್ಕ ಬದುಕಿದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ, ಆಮೇಲೆ ನಿನ್ನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಕರೆದೊಯ್ದಾಗ ಅವಳ ನಾಡಿ ನಿಮಿಷಕ್ಕೆ ಮೂವತ್ತೆಂಟು ಇತ್ತು. ಡಾಕ್ಟರಮ್ಮ ಎರಡು ಸಲ ಎಣಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಈಗ ಐವತ್ತೈದಕ್ಕೆ ಬಂದಿದೆ. ಆಸ್ಪತ್ರೆಯ ಊಟಕ್ಕೆ ಮೂಗು ಮುರಿಯುತ್ತಾಳೆ, ಅಂದ ಮೇಲೆ ಗುಣವಾಗುತ್ತಿದೆ.

ಇನ್ನು ನಿನ್ನ ವಿಷಯ. ನನ್ನ ಸೊಪ್ಪಿನಲ್ಲಿ ವಿಷ ಇದೆ ಎಂದು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ಮೂವತ್ತು ವರ್ಷದಿಂದ ಈ ಕೈಯಲ್ಲಿ ಸೊಪ್ಪು ಬಿಡಿಸಿದ್ದೇನೆ. ಅದರಲ್ಲೇ ನೀನು ಕಾಲೇಜು ಮುಗಿಸಿದೆ. ಶೆಡ್ಡಿಗೆ ಕಂಪನಿಯನ್ನು ಕರೆತಂದವಳೂ ನೀನೇ, ಯಂತ್ರ ಕೊಡಿಸಿದವಳೂ ನೀನೇ, "ಅಮ್ಮಾ, ನಮ್ಮ ಸೊಪ್ಪು ದೇಶಾಂತರ ಹೋಗುತ್ತೆ" ಎಂದು ಕುಣಿದವಳೂ ನೀನೇ. ಈಗ ಬೀಜ ಗೀಜ ಎಂದು ಕಥೆ ಹೇಳುತ್ತೀಯೆ. ನನ್ನ ಶೆಡ್ಡಿನಲ್ಲಿ ಬೀಜ ಇಲ್ಲ. ಹೂ ಬಿಡುವ ಮೊದಲೇ ನಾವು ಎಲೆ ಬಿಡಿಸುತ್ತೇವೆ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಬೇರೆ ಶೆಡ್ಡಿನ ಕಸ ಬೆರೆತಿರಬೇಕು, ಅವರನ್ನು ಕೇಳು.

ಡಬ್ಬಿ ಕಳಿಸಿದ್ದೇನೆ. ನಿನ್ನ ಮಾತು ಸುಳ್ಳು ಎಂದು ತೋರಿಸುವುದಕ್ಕೆ ಕಳಿಸಿದ್ದೇನೆ, ಬೇರೆ ಏನೂ ಅಂದುಕೊಳ್ಳಬೇಡ.

ಅಮ್ಮ

*

ಅಕ್ಟೋಬರ್ 4

ಅಮ್ಮಾ,

ಕಳೆದ ಭಾನುವಾರ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಗುಳಿಗೆಗಳನ್ನು ಒಡೆದು ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬೀಜದ ಸಿಪ್ಪೆಯ ಚೂರುಗಳು ಕಣ್ಣಿಗೇ ಕಂಡವು. ಆಮೇಲೆ ಯಂತ್ರಕ್ಕೆ ಹಾಕಿದೆ. ನಾನು ಹೆದರಿದ್ದ ಸಂಯುಕ್ತವೇ ಬಂತು. ಏನೋ ತಪ್ಪಾಗಿದೆ ಎಂದು ಮತ್ತೆ ಮಾಡಿದೆ, ಮೂರನೇ ಸಲವೂ ಮಾಡಿದೆ. ಎರಡು ಗುಳಿಗೆ ನುಂಗುವ ಗಟ್ಟಿ ಮನುಷ್ಯನಿಗೆ ಏನೂ ಗೊತ್ತಾಗದಿರಬಹುದು. ಹೃದಯದ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ನಮ್ಮ ದೊಡ್ಡಕ್ಕನ ಹಾಗೆ ಆಸೆಯಿಂದ ಆರು ನುಂಗುವವರಿಗೆ ಪ್ರಾಣಕ್ಕೇ ಸಂಚಕಾರ. ಬೀಜ ಕಹಿ, ನಾಲಿಗೆಗೆ ತಾಗಿದ್ದರೆ ಉಗಿಯುತ್ತಿದ್ದರು. ಗುಳಿಗೆಯ ಕವಚದೊಳಗೆ ಆ ಕಹಿ ಯಾರಿಗೂ ತಿಳಿಯುವುದಿಲ್ಲ.

ಈ ಪುಡಿ ತಿನ್ನಲು ಯೋಗ್ಯ ಎಂದು ಪ್ರಮಾಣಪತ್ರ ಬರೆದು ಸಹಿ ಹಾಕಿದವಳು ನಾನು. ಹೇಗೆ ಹಾಕಿದೆ ಗೊತ್ತೇ? ಲೋಳೆ ಎಷ್ಟು ದಪ್ಪ ಎಂದು ಅಳೆದೆ, ಎಲೆಯಲ್ಲಿರುವ ಒಳ್ಳೆಯ ಅಂಶಗಳನ್ನು ಅಳೆದೆ, ಎಲ್ಲ ಭರ್ಜರಿಯಾಗಿತ್ತು. ಬೀಜಕ್ಕಾಗಿ ಹುಡುಕಲೇ ಇಲ್ಲ. ಸೊಪ್ಪಿನ ಪರೀಕ್ಷೆ ಎಂದರೆ ಲೋಳೆ ನೋಡುವುದು ಎಂದು ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ನಿನ್ನ ಬೆರಳಿನಲ್ಲಿ. ಅದನ್ನೇ ಯಂತ್ರಕ್ಕೆ ಕಲಿಸಿದೆ. ಅಮ್ಮಾ, ಕಾಯಿ ಕಟ್ಟಿದ ಗಿಡದ ಎಲೆಯಲ್ಲೂ ಲೋಳೆ ಇರುತ್ತದೆ. ಎಳೆಯ ಕಾಯಿಯಲ್ಲೂ ಇರುತ್ತದೆ. ದಾರ ಗೇಣುದ್ದ ಬಂದೇ ಬರುತ್ತದೆ.

ನಮ್ಮ ನಿರ್ದೇಶಕರಿಗೆ ಹೇಳಿದೆ. ಅವರಿಗೆ ಲ್ಯಾಬಿನಲ್ಲಿ ಎಲ್ಲರೂ ಇಸ್ತ್ರಿ ಎನ್ನುತ್ತಾರೆ, ನಕ್ಕರೂ ಮುಖದಲ್ಲಿ ಒಂದು ಮಡಿಕೆ ಬೀಳುವುದಿಲ್ಲ. "ಒಂದು ಡಬ್ಬಿ ಇಟ್ಕೊಂಡು ಇಡೀ ಸರಕಿಗೆ ಮಸಿ ಬಳೀತೀರಾ? ಇದು ಕಾಯಿ ಕಟ್ಟಿದ ಮೇಲೆ ಕೊಯ್ದದ್ದು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ?" ಎಂದು ಕೇಳಿದರು. ನನ್ನ ಹತ್ತಿರ ಏನೂ ಇಲ್ಲ. ನಿನ್ನ ಹತ್ತಿರ ಇದೆ. ಆ ಸರಕು ನಿನ್ನ ಶೆಡ್ಡಿನ ಅರವತ್ತೊಂದರಿಂದ ನೂರನೇ ಮೂಟೆಯವರೆಗಿನದು. ಪ್ರತಿ ಮೂಟೆಯಿಂದ ಹರಿದಿಟ್ಟುಕೊಳ್ಳುವ ಅರ್ಧ ಚೀಟಿಯಲ್ಲಿ ಕೊಯ್ದ ದಿನಾಂಕ, ನಿನ್ನ ಸಹಿ ಎರಡೂ ಇರುತ್ತವೆ. ಅವು ಏನು ಹೇಳುತ್ತವೆ?

ನಿನ್ನ ಮಗಳು

*

ಅಕ್ಟೋಬರ್ 11

ಮಗಳೇ,

ಚೀಟಿಗಳು ಎಲ್ಲಿವೆಯೋ ಗೊತ್ತಿಲ್ಲ. ಇಲಿ ತಿಂದಿರಬಹುದು. ನನಗೆ ಮಂಡಿ ನೋವು, ಹೆಚ್ಚು ಹೊತ್ತು ಕೂತು ಬರೆಯಲಾಗುವುದಿಲ್ಲ. ದೊಡ್ಡಕ್ಕ ಮನೆಗೆ ಬಂದಿದ್ದಾಳೆ.

ಅಮ್ಮ

*

ಅಕ್ಟೋಬರ್ 24

ಅಮ್ಮಾ,

ನಿನ್ನ ನಾಲ್ಕು ಸಾಲಿನ ಕಾಗದವನ್ನು ಐದು ಸಲ ಓದಿದೆ. ಆ ಚೀಟಿಗಳ ಡಬ್ಬವನ್ನು ನೀನು ಒಡವೆಯ ಹಾಗೆ ಕಾಯುತ್ತೀಯೆ ಎಂದು ನನಗೆ ಗೊತ್ತು, ನೀನು ಗೊತ್ತಿಲ್ಲ ಎಂದರೂ ಗೊತ್ತು. ಇರಲಿ, ಅದರ ಬಗ್ಗೆ ಇವತ್ತು ಒತ್ತಾಯ ಮಾಡುವುದಿಲ್ಲ.

ನನ್ನ ಸುದ್ದಿ ಬರೆಯುತ್ತೇನೆ. ಸೋಮವಾರ ನಾನು ಪ್ರಮಾಣಪತ್ರವನ್ನು ಹಿಂತೆಗೆದುಕೊಂಡು ಪತ್ರ ಕೊಟ್ಟೆ. ಆಹಾರ ಸುರಕ್ಷತಾ ಕಚೇರಿಗೂ ಒಂದು ಪ್ರತಿ ಕಳಿಸಿದೆ. ಇಸ್ತ್ರಿ ನನ್ನನ್ನು ಕೂರಿಸಿ ಕಾಫಿ ತರಿಸಿದರು. ಒಂದು ದಾರಿ ಇದೆ ಎಂದರು. ಶೆಡ್ಡಿನ ಹೆಂಗಸರು ತಿಳಿಯದೆ ಏನೋ ಬೆರೆಸಿದ್ದಾರೆ, ಕಂಪನಿಯ ಗಮನಕ್ಕೆ ಬಂದಿರಲಿಲ್ಲ ಎಂದು ನಾನು ಬರೆದುಕೊಟ್ಟರೆ ಇದೊಂದು ಸರಕನ್ನು ಸದ್ದಿಲ್ಲದೆ ಹಿಂದಕ್ಕೆ ತರಿಸುತ್ತಾರಂತೆ. "ಅದು ನಮ್ಮ ಅಮ್ಮನ ಶೆಡ್ಡು" ಎಂದೆ. "ಅದಕ್ಕೇ ನಿಮ್ಮ ಮಾತಿಗೆ ಬೆಲೆ ಜಾಸ್ತಿ" ಎಂದರು. ಕಾಫಿಯನ್ನು ಹಾಗೇ ಬಿಟ್ಟು ಎದ್ದು ಬಂದೆ.

ಮಧ್ಯಾಹ್ನದೊಳಗೆ ನನ್ನ ಬಾಗಿಲಿನ ಕಾರ್ಡ್ ಕೆಲಸ ಮಾಡಲಿಲ್ಲ. ನನ್ನ ಸಾಮಾನನ್ನು ಕಾವಲುಗಾರ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟ. ನನ್ನ ಸಹಿ ಇದ್ದ ಕಡೆ ಬೇರೆಯವರ ಸಹಿ ಬಂದಿದೆ, ಡಬ್ಬಿಗಳು ಅಂಗಡಿಯಲ್ಲಿ ಹಾಗೇ ಇವೆ. ನಿನ್ನೆ ಬೀದಿಯ ತುದಿಯ ಔಷಧಿ ಅಂಗಡಿಯಲ್ಲಿ ಮುದುಕರೊಬ್ಬರು ಎರಡು ಡಬ್ಬಿ ಕೊಳ್ಳುತ್ತಿದ್ದರು. ನಾನು ಬೇಡ ಎಂದೆ. ಅಂಗಡಿಯವನು ನನ್ನನ್ನು ಹೊರಗೆ ಕಳಿಸಿದ. ಅವರು ಹೆಂಡತಿಗೂ ಒಂದಿರಲಿ ಎಂದು ಮೂರನೆಯದನ್ನೂ ತೆಗೆದುಕೊಂಡರು. ಎಷ್ಟು ಅಂಗಡಿಯ ಮುಂದೆ ನಿಲ್ಲಲಿ ಅಮ್ಮಾ?

ನನಗೆ ಹೆದರಿಕೆ ಇಲ್ಲ, ಸಿಟ್ಟಿದೆ. ಕೆಲಸ ಹೋಯಿತು ಎಂದು ಅಳುತ್ತಾ ಕೂತಿದ್ದೇನೆ ಎಂದುಕೊಳ್ಳಬೇಡ. ಕಚೇರಿಯವರು ಕೇಳುತ್ತಿರುವುದು ಒಂದನ್ನೇ, ಕೊಯ್ಲಿನ ದಿನಾಂಕ.

ನಿನ್ನ ಮಗಳು

*

ನವೆಂಬರ್ 6

ನನ್ನ ಹಟಮಾರಿ ಮಗಳಿಗೆ,

ಇಲಿ ತಿಂದಿಲ್ಲ. ಚೀಟಿಗಳೆಲ್ಲ ನನ್ನ ಮಂಚದ ಕೆಳಗೆ ಡಬ್ಬದಲ್ಲೇ ಇದ್ದವು. ಮೊದಲ ದಿನದಿಂದಲೂ ಇದ್ದವು.

ಹೇಗಾಯಿತು ಎಂದು ಹೇಳುತ್ತೇನೆ. ಜೂನ್ ಕೊನೆಗೆ ಕೊಯ್ಯಬೇಕಿತ್ತು. ಕಂಪನಿಯ ಖರೀದಿಯವನು ಬಂದು ಹೊಲ ನೋಡಿದ. "ಇನ್ನೂ ಮೂರು ವಾರ ಬಿಡಿ ಅಮ್ಮಾ, ಗಿಡ ತುಂಬಲಿ, ಹೇಗೂ ಯಂತ್ರ ಇದೆ, ಒಂದೊಂದೇ ಎಲೆ ಬಿಡಿಸ್ಕೊಂಡು ಯಾಕೆ ಕೂತ್ಕೋತೀರಿ, ತುದಿ ಸಮೇತ ಕತ್ತರಿಸಿ" ಎಂದ. ಮೂರು ವಾರಕ್ಕೆ ಗಿಡದಲ್ಲಿ ಕಾಯಿ ತೂಗುತ್ತಿತ್ತು. ದೊಡ್ಡಕ್ಕ ಒಂದು ಕಾಯಿ ಮುರಿದು ತಂದು ನನ್ನ ಮುಂದೆ ಹಿಡಿದಳು. "ಇದೂ ಹೋಗುತ್ತಲ್ಲೇ" ಎಂದಳು. ಆಗಲೇ ಒಣಗಿಸಿ ತುಂಬಿದ್ದ ಮೂಟೆಯಿಂದ ಚಿಟಿಕೆ ತೆಗೆದು ನೀರಿಗೆ ಹಾಕಿ ಬೆರಳು ಎತ್ತಿದೆ. ಅಷ್ಟು ಉದ್ದದ ದಾರವನ್ನು ನಾನು ಈ ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ. ಹನ್ನೊಂದು ಹೆಂಗಸರ ಮುಂದೆ ಆ ಬೆರಳನ್ನು ಎತ್ತಿ ಹಿಡಿದು "ಹೋಗ್ಲಿ ಬಿಡೇ, ನೋಡು ಹೇಗಿದೆ" ಎಂದೆ. ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಿಲ್ಲ. ನಾನೇ ನೋಡಿದೆ, ನಾನೇ ಹೇಳಿದೆ. ಅವಳು ಆ ಕಾಯಿಯನ್ನೂ ಯಂತ್ರಕ್ಕೆ ಹಾಕಿದಳು, ಆಮೇಲೆ ಅದನ್ನೇ ಗುಳಿಗೆ ಮಾಡಿಸಿ ಅವಳಿಗೆ ನುಂಗಿಸಿದೆವು.

ಅದನ್ನು ಒಪ್ಪಿಕೊಳ್ಳಲು ನನಗೆ ಆರು ವಾರ ಹಿಡಿಯಿತು. ನೀನು ಕೆಲಸ ಕಳೆದುಕೊಂಡದ್ದನ್ನು ಓದಿ ನಾಚಿಕೆಯಾಯಿತು. ನಿನ್ನ ಹಟ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಿದ್ದರು, ನಿಮ್ಮಪ್ಪನ ಕಡೆಯದು ಎಂದು ನಾನು ಹೇಳುತ್ತಿದ್ದೆ. ಆ ಮನುಷ್ಯ ಜನ್ಮದಲ್ಲಿ ಹಟ ಮಾಡಿದವರಲ್ಲ.

ಮೊನ್ನೆ ಮಂಗಳವಾರ ಬಸ್ಸು ಹಿಡಿದು ಆಹಾರ ಸುರಕ್ಷತಾ ಕಚೇರಿಗೆ ಹೋದೆ. ನಲವತ್ತು ಚೀಟಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಎಲ್ಲದರ ಮೇಲೂ ಜುಲೈ ಇಪ್ಪತ್ತರ ಆಚೀಚೆಯ ದಿನಾಂಕ, ಎಲ್ಲದರ ಮೇಲೂ ನನ್ನ ಸಹಿ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ ಬಂದು ಕೂತರು. "ನೋಡೀಮ್ಮಾ, ಇದನ್ನ ಕೊಟ್ರೆ ಮೊದಲು ಸಿಕ್ಕಿಹಾಕ್ಕೊಳ್ಳೋದು ನೀವೇ" ಎಂದರು. "ಗೊತ್ತು, ಬರ್ಕೊಳ್ಳಿ" ಎಂದೆ. ಖರೀದಿಯವನು ಹೇಳಿದ್ದು, ದೊಡ್ಡಕ್ಕ ತೋರಿಸಿದ್ದು, ನಾನು ಹೋಗಲಿ ಅಂದದ್ದು, ಒಂದನ್ನೂ ಬಿಡಲಿಲ್ಲ. ನಾಲ್ಕು ಹಾಳೆ ಆಯಿತು. ಪ್ರತಿ ಹಾಳೆಗೂ ಸಹಿ ಹಾಕಿದೆ.

ಶೆಡ್ಡಿಗೆ ವಾಪಸ್ಸು ಬಂದು ಹೆಂಗಸರಿಗೆ ಹೇಳಿದೆ. ಒಬ್ಬಳು ಎದ್ದು ಹೋದಳು. ಅವಳದು ತಪ್ಪು ಅನ್ನುವುದಿಲ್ಲ, ಮನೆಯಲ್ಲಿ ಮೂರು ಮಕ್ಕಳಿವೆ. ಮರುದಿನ ಆಕೆಯೇ ಉಳಿದವರನ್ನೆಲ್ಲ ಕರೆದುಕೊಂಡು ಕಚೇರಿಗೆ ಹೋಗಿ, ಕಾಯಿಯನ್ನು ನಾವೂ ನೋಡಿದ್ದೆವು ಎಂದು ಬರೆಸಿ ಬಂದಳಂತೆ. ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ದೊಡ್ಡಕ್ಕ ಆಟೋದಲ್ಲಿ ಹೋದಳು. ಎರಡು ಕಡೆ ಇಬ್ಬರು ಹಿಡಿದುಕೊಂಡು ಒಳಗೆ ಕರೆದೊಯ್ದರಂತೆ.

ಇಷ್ಟು ದಿನ ನಿನಗೆ ಸುಳ್ಳು ಹೇಳಿದ

ಅಮ್ಮ

*

ನವೆಂಬರ್ 27

ಅಮ್ಮಾ,

ನಿನಗೂ ಸುದ್ದಿ ತಲುಪಿರಬೇಕು. ಡಬ್ಬಿಗಳನ್ನೆಲ್ಲ ಅಂಗಡಿಗಳಿಂದ ವಾಪಸ್ಸು ತರಿಸಲು ಆದೇಶವಾಗಿದೆ. ಬೀದಿಯ ತುದಿಯ ಅಂಗಡಿಯವನು ಕಪಾಟು ಖಾಲಿ ಮಾಡುವುದನ್ನು ನಾನು ಎದುರಿನ ಕಟ್ಟೆಯ ಮೇಲೆ ಕೂತು ನೋಡಿದೆ. ಆ ಮುದುಕರು, ಅವರ ಹೆಂಡತಿ ಹೇಗಿದ್ದಾರೋ ಗೊತ್ತಿಲ್ಲ. ಅಂಗಡಿಯವನನ್ನು ಕೇಳಿದೆ, ಅವನಿಗೂ ಅವರ ಮನೆ ಎಲ್ಲಿ ಎಂದು ಗೊತ್ತಿಲ್ಲ.

ಆದರೆ ಪತ್ರಿಕೆಯಲ್ಲಿ ಬಂದ ಕಂಪನಿಯ ನೋಟೀಸನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಶೆಡ್ಡಿನ ಮುಖ್ಯಸ್ಥೆಯ ಅಜಾಗರೂಕತೆಯಿಂದ ಎಂದು ಹಾಕಿದ್ದಾರೆ, ನಿನ್ನ ಫೋಟೋ ಸಮೇತ. ಖರೀದಿಯವನ ಮಾತಿಲ್ಲ, ಯಂತ್ರದ ಮಾತಿಲ್ಲ, ತಪ್ಪು ಪರೀಕ್ಷೆ ಮಾಡಿ ಸಹಿ ಹಾಕಿದ ನನ್ನ ಮಾತೂ ಇಲ್ಲ. ಇಸ್ತ್ರಿ ಕೈ ತೊಳೆದುಕೊಂಡರು. ನನ್ನ ತಪ್ಪನ್ನೂ ಸೇರಿಸಿ ಪತ್ರಿಕೆಗೆ ಬರೆದು ಕಳಿಸಿದ್ದೇನೆ. ಅವರು ಹಾಕದಿದ್ದರೆ ಮತ್ತೊಂದಕ್ಕೆ ಕಳಿಸುತ್ತೇನೆ.

ಕಂಪನಿಯವರು ಶೆಡ್ಡಿಗೆ ಬೀಗ ಹಾಕಿದ್ದಾರೆ ಎಂದು ಗುಮಾಸ್ತ ಹೇಳಿದ. ನೀನು ಹೇಗಿದ್ದೀಯೆ ಎಂದು ಕೇಳಿದರೆ ಮಾತು ತಿರುಗಿಸಿದ. ನಾನು ಬರಲೇ? ಹೊಸ ಕಾರಣ ಹುಡುಕುವುದಿಲ್ಲ, ಬರುತ್ತೇನೆ ಎಂದರೆ ಬರುತ್ತೇನೆ.

ನಿನ್ನ ಮಗಳು

*

ಡಿಸೆಂಬರ್ 15

ಮಗಳೇ,

ಬಾ. ಆದರೆ ನನ್ನನ್ನು ಸಮಾಧಾನ ಮಾಡಲು ಬರುವುದಾದರೆ ಬೇಡ, ಇಲ್ಲಿ ಕೆಲಸ ಇದೆ.

ಕಳೆದ ವಾರ ಖರೀದಿಯವನು ಬಂದಿದ್ದ. ಜೊತೆಗೆ ಒಂದು ಹಾಳೆ ತಂದಿದ್ದ. ಕಾಯಿ ಸಮೇತ ಕೊಯ್ದದ್ದು ನನ್ನೊಬ್ಬಳ ತೀರ್ಮಾನ, ಕಂಪನಿಯವರು ಯಾರೂ ಹೇಳಿರಲಿಲ್ಲ ಎಂದು ಅದರಲ್ಲಿ ಟೈಪು ಮಾಡಿಸಿದ್ದ. ಸಹಿ ಹಾಕಿದರೆ ಸೋಮವಾರ ಬೀಗ ತೆಗೆಯುತ್ತಾರಂತೆ, ಹನ್ನೊಂದು ಜನಕ್ಕೂ ಕೆಲಸ ವಾಪಸ್ಸು. ನಾನು ಮಾತ್ರ ಬರುವಂತಿಲ್ಲ. ಹನ್ನೊಂದು ಮಂದಿಯೂ ಅಲ್ಲೇ ನಿಂತಿದ್ದರು. ನಿಜ ಹೇಳುತ್ತೇನೆ, ಅವರ ಮುಖ ನೋಡಿ ನನ್ನ ಕೈ ಪೆನ್ನಿಗೆ ಹೋಯಿತು. ಹೇಗೂ ತಪ್ಪು ಮಾಡಿದವಳು, ಇನ್ನೊಂದಿಷ್ಟು ತಲೆಗೆ ಕಟ್ಟಿಕೊಂಡರೆ ಏನಾಯಿತು ಅನಿಸಿತು. ಆಗ ದೊಡ್ಡಕ್ಕ ಹೇಳಿದಳು, "ನೀನು ಸುಳ್ಳು ಬರೆದು ನಂಗೆ ಕೆಲಸ ಕೊಡಿಸೋದಾದ್ರೆ ನಂಗೆ ಬೇಡ ಕಣೇ. ನಾಳೆ ಇದೇ ಮನುಷ್ಯ ಮತ್ತೆ ಬಂದು ಮೂರು ವಾರ ಬಿಡಿ ಅಂತಾನೆ."

ಹಾಳೆಯ ಕೆಳಗೆ ಜಾಗ ಇತ್ತು. 'ತಪ್ಪು ಮಾಡಿದ್ದು ನಿಜ. ಒಬ್ಬಳೇ ಮಾಡಿಲ್ಲ' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಇದರಿಂದ ಏನೂ ಪ್ರಯೋಜನವಿಲ್ಲ ಎಂದ. ನಿನಗಿಲ್ಲ, ನನಗಿದೆ ಎಂದೆ. ಮಡಚಿ ಜೇಬಿಗಿಟ್ಟುಕೊಂಡು ಹೋದ. ಬೀಗ ಹಾಗೇ ಇದೆ. ಮೂವರು ಬೇರೆ ಕಡೆ ಕೆಲಸ ಹುಡುಕಿಕೊಂಡರು, ಅವರು ನನ್ನೊಡನೆ ಮಾತಾಡುವುದಿಲ್ಲ. ಅದು ನನಗೆ ಚುಚ್ಚುತ್ತದೆ, ಚುಚ್ಚಲಿ.

ಕಚೇರಿಗೆ ಹೋಗಿ ಬಂದ ವಾರವೇ ಶೆಡ್ಡಿನ ಹಿಂದಿನ ತುಂಡು ನೆಲದಲ್ಲಿ ಹೊಸದಾಗಿ ಬಿತ್ತಿದ್ದೆವು. ಉಳಿದವರು ಸೇರಿ, ಗಿಡ ಮೊಣಕಾಲೆತ್ತರ ಬರುವ ಮೊದಲೇ ಎಲೆ ಬಿಡಿಸಿ, ಕಟ್ಟು ಕಟ್ಟಿ, ಮಾರುಕಟ್ಟೆಯ ಬಾಗಿಲಲ್ಲಿ ಕೂತೆವು. ಮೊದಲ ದಿನ ಒಂದು ಕಟ್ಟೂ ಹೋಗಲಿಲ್ಲ. ಮನೆಗೆ ತಂದು ನಾವೇ ತಿಂದೆವು. ಎರಡನೇ ದಿನವೂ ಹೋದೆವು. ನನ್ನನ್ನು ಹಿಂದೆ ಕೂರಿಸಿ ತಾವು ಮುಂದೆ ಕೂರುವುದಾಗಿ ಕಿರಿಯವಳೊಬ್ಬಳು ಹೇಳಿದಳು, ಮುಖ ಗುರುತು ಸಿಗುತ್ತದೆ ಎಂದು. ಸಿಗಲಿ ಎಂದು ನಾನೇ ಮುಂದೆ ಕೂತೆ.

ಇವತ್ತು ಬೆಳಿಗ್ಗೆ ಒಬ್ಬಳು ಬಂದಳು. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು. ಕಟ್ಟು ಎತ್ತಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಕಟ್ಟನ್ನು ಮೆಲ್ಲಗೆ ಕೆಳಗಿಟ್ಟಳು. "ಪೇಪರಲ್ಲಿ ಬಂದಿದ್ದ ಹೆಂಗಸು ನೀವೇ ಅಲ್ವಾ?" ಎಂದು ಕೇಳಿದಳು.

ನನ್ನ ಮಂದ ಕಿವಿಗೆ ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು ನೋಡು.

"ಹೌದಮ್ಮಾ, ನಾನೇ" ಎಂದೆ. "ಕೂತ್ಕೋ. ಈ ಗಿಡದಲ್ಲಿ ಯಾವುದನ್ನ ತಿನ್ನಬಹುದು, ಯಾವುದನ್ನ ಬಾಯಿಗೆ ಇಡಬಾರದು ಅಂತ ನನಗಿಂತ ಚೆನ್ನಾಗಿ ಹೇಳೋರು ಈ ಮಾರುಕಟ್ಟೇಲಿ ಯಾರೂ ಇಲ್ಲ."

ಅವಳು ಕೊಳ್ಳಲಿಲ್ಲ. ಆದರೆ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಅಲ್ಲೇ ಕೂತಳು.

ನಿನ್ನ ಅಮ್ಮ